ತಡವಾಗಿ ಬೀಳುವ ಎಡಗೈ

ಅಯಾಂಜ್
9 ಅಕ್ಟೋಬರ್ 2011

ಸಿಲ್ವೇರ್,

ಭುಜದ ಆಪರೇಷನ್ ಆಗಿ ಹದಿನೆಂಟು ದಿನ. ಎಡಗೈಯನ್ನು ಎದೆಗೆ ಬಿಗಿದು ಕಟ್ಟಿದ್ದಾರೆ, ಕಳ್ಳನನ್ನು ಕಂಬಕ್ಕೆ ಕಟ್ಟಿದ ಹಾಗೆ. ಬಲಗೈ ಬಿಡುವಾಗಿದೆ, ಅದಕ್ಕೇ ಈ ಕಾಗದ. ಮೂರು ಸಲ ಫೋನ್ ಮಾಡಿದೆ, ನೀನು ಎತ್ತಲಿಲ್ಲ. ಹದಿನಾರನೇ ವಯಸ್ಸಿನಲ್ಲಿ ನೀನು ಲೋಂವಿಯಲ್ಲಿ, ನಾನು ಇಲ್ಲಿ ಕೂತು ಕ್ಯಾಸೆಟ್ ಅದಲುಬದಲು ಮಾಡಿಕೊಳ್ಳುತ್ತಿದ್ದಾಗ ಅಂಚೆಚೀಟಿಗೆ ಸೋಪು ಸವರಿ, ಮುದ್ರೆ ತೊಳೆದು, ಒಂದೇ ಚೀಟಿಯನ್ನು ನಾಲ್ಕು ಸಲ ಓಡಿಸಿದವರು ನಾವು. ಕಾಗದಕ್ಕೆ ಉತ್ತರ ಬರೆಯದವನು ಮನುಷ್ಯನೇ ಅಲ್ಲ ಎಂದು ಆಗ ಬರೆದವನು ನೀನು. ಈಗ ನೋಡೋಣ.

ವಿಷಯ ಇಷ್ಟು. ನಿನ್ನೆ ಗಾಯ ತೋರಿಸಲು ಮೆಟ್ಸ್‌ಗೆ ಹೋದವಳು ನಮ್ಮ ಹಳೆಯ ರೆಕಾರ್ಡ್ ಅಂಗಡಿಗೆ ಹೊಕ್ಕೆ. ಗೋಡೆಯ ಮೇಲೆ ಪೋಸ್ಟರ್. 'ಕ್ರಾಸಿಯೇ. ಚಳಿಗಾಲದ ಪ್ರವಾಸ. ಹತ್ತೊಂಬತ್ತು ಊರು.' ನವೆಂಬರ್ ನಾಲ್ಕಕ್ಕೆ ಶುರು. ಕ್ರಾಸಿಯೇ ಎಂದರೆ ನಮ್ಮೂರ ಉಕ್ಕಿನ ಕಾರ್ಖಾನೆಯ ಕಿಟ್ಟ ಸುರಿದು ಸುರಿದು ಬೆಳೆದ ಗುಡ್ಡದ ಹೆಸರು, ನಮ್ಮ ತಂಡಕ್ಕೆ ಅದನ್ನಿಟ್ಟವಳು ನಾನು. ಪೋಸ್ಟರ್ ನೋಡುವ ಕೊನೆಯವಳೂ ನಾನೇ.

ಅಂಗಡಿಯವನು ನನ್ನ ಕೈ ನೋಡಿ ಕನಿಕರಪಟ್ಟ.

"ಏನಮ್ಮಾ, ಬಿದ್ದ್ಯಾ?"

"ಇಲ್ಲ. ಕೆಲಸದಲ್ಲಿ ಆಗಿದ್ದು."

"ಪಾಪ. ಈ ಪ್ರವಾಸ ಮಾತ್ರ ತಪ್ಪಿಸ್ಕೋಬೇಡ. ಲೈಪ್‌ತ್ಸಿಗ್‌ನಲ್ಲಿ ಆಗ್ಲೇ ಟಿಕೆಟ್ ಖಾಲಿ. ಆ ಡ್ರಮ್ ಹೊಡಿಯೋನು ಮನುಷ್ಯ ಅಲ್ಲ ಕಣಮ್ಮ, ರಾಕ್ಷಸ."

ರಾಕ್ಷಸ ಅವನಲ್ಲ, ಅವಳು, ನಿನ್ನೆದುರಿಗೇ ನಿಂತಿದ್ದಾಳೆ ಎಂದು ನಾಲಿಗೆಯ ತುದಿಗೆ ಬಂತು. ನುಂಗಿದೆ. ಹನ್ನೊಂದು ವರ್ಷದಿಂದ ಮುಖಕ್ಕೆ ಕರಿ ಮುಸುಕು, ರೆಕಾರ್ಡಿನ ಮೇಲೆ ಹೆಸರಿಲ್ಲ. ನಮ್ಮಿಬ್ಬರ ಒಪ್ಪಂದ ಅದು. ನುಂಗುವುದು ಅಭ್ಯಾಸವಾಗಿದೆ.

ಪ್ರವಾಸ ಮುಂದಕ್ಕೆ ಹಾಕುತ್ತೇನೆ ಎಂದು ನೀನು ಆಸ್ಪತ್ರೆಯಲ್ಲಿ ನನ್ನ ಹಾಸಿಗೆಯ ಮೇಲೆ ಕೂತು ಹೇಳಿದೆ. ತಂಡದಲ್ಲಿ ಇರುವುದು ಇಬ್ಬರು. ಗಿಟಾರು, ಅರಚಾಟ, ಈಚೆಗೆ ಶುರುಮಾಡಿರುವ ಸ್ನಾನದ ಮನೆಯ ಗುನುಗು ನಿನ್ನದು. ಡ್ರಮ್ ನನ್ನದು. ನಾನು ಇಲ್ಲಿದ್ದೇನೆ. ಹತ್ತೊಂಬತ್ತು ಊರಿನಲ್ಲಿ ಆ ಡ್ರಮ್ ಹಿಂದೆ ಕೂರುವವರು ಯಾರು?

ಒಂಟಿ ಕೈಯಿಂದ,
ಮೋದ್


ಮೊಂತ್ರೋಯ್
21 ಅಕ್ಟೋಬರ್ 2011

ಪ್ರೀತಿಯ ಮೋದ್,

ಸಿಟ್ಟಾಗಬೇಡ ಎಂದರೆ ಇನ್ನಷ್ಟು ಸಿಟ್ಟಾಗುತ್ತೀಯ, ಅದಕ್ಕೆ ಆ ಮಾತು ಬಿಟ್ಟೆ.

ಮುಂದಕ್ಕೆ ಹಾಕಲು ಆಗಲಿಲ್ಲ. ರೆಕಾರ್ಡ್ ಕಂಪನಿಯವರು ಒಪ್ಪಲಿಲ್ಲ. ಯೋಚಿಸಿ ನೋಡು, ಎಲ್ಲಿಂದ ಬಂದವರು ನಾವು. ಮೊದಲ ಕ್ಯಾಸೆಟ್ ಅರವತ್ತಾರು ಪ್ರತಿ, ಅದರಲ್ಲಿ ಇಪ್ಪತ್ತು ನಿಮ್ಮಪ್ಪನ ಗ್ಯಾರೇಜಿನಲ್ಲೇ ಕೊಳೆತವು. ಎರಡನೆಯ ರೆಕಾರ್ಡಿಗೆ ಅಬ್ಬರದ ಬ್ಲ್ಯಾಕ್ ಮೆಟಲ್ ಸಂಗೀತದ ಕಟ್ಟಾ ಅಭಿಮಾನಿಗಳು 'ಹೂಗಿಡದವರು', ಮೆತ್ತಗಾದರು ಎಂದು ಆಡಿಕೊಂಡರು. ಮೂರನೆಯದು ಬಂದಾಗ ಪತ್ರಿಕೆಯವರು ಅದಕ್ಕೆ ಪೋಸ್ಟ್-ಬ್ಲ್ಯಾಕ್ ಮೆಟಲ್ ಎಂದು ಹೆಸರಿಟ್ಟರು, ಆಡಿಕೊಂಡವರೇ ಸಾಲಲ್ಲಿ ನಿಂತರು. ಈ ಚಳಿಗಾಲ ತಪ್ಪಿದರೆ ಮುಂದಿನ ಚಳಿಗಾಲಕ್ಕೆ ನಮ್ಮಂಥವರು ಇನ್ನೂ ನಲವತ್ತು ತಂಡ ಹುಟ್ಟಿರುತ್ತವೆ.

ಸಾರ್‌ಬ್ರೂಕನ್‌ನ ಯೋಸ್ಟ್ ಕಿರ್ಶ್ ಎಂಬ ಹುಡುಗ ಬಾರಿಸುತ್ತಾನೆ. ನಿನ್ನ ಮುಸುಕು ಹಾಕಿಕೊಂಡೇ. ಯಾರಿಗೂ ಗೊತ್ತಾಗುವುದಿಲ್ಲ. ಸಂಗೀತಕ್ಕೆ ಮುಖ ಇರಬಾರದು ಎಂದು ನಾವಿಬ್ಬರೂ ಸೇರಿ ತಾನೇ ತೀರ್ಮಾನಿಸಿದ್ದು.

ಅವನು ಎಷ್ಟು ಶ್ರದ್ಧೆಯವನು ಎಂದರೆ, 'ಎರಡನೇ ಪಾಳಿ' ಹಾಡಿನ ನಡುವೆ ಎಲ್ಲ ನಿಂತು ಮತ್ತೆ ನಿನ್ನ ಎಡಗೈಯಿಂದ ಶುರುವಾಗುತ್ತದಲ್ಲ, ಆ ಕೂದಲೆಳೆಯಷ್ಟು ತಡ, ಅದನ್ನೂ ಕಲಿತಿದ್ದಾನೆ. ಅದೇ ನಮ್ಮ ಹೆಗ್ಗುರುತು ಎಂದು ಎಲ್ಲರೂ ಹೇಳುತ್ತಾರೆ. ಸಮಾಧಿಗೆ ಮಣ್ಣು ಹಾಕುವ ಮುಂಚಿನ ಉಸಿರು ಎಂದು ಒಬ್ಬ ಬರೆದಿದ್ದ, ನೆನಪಿದೆಯಾ? ನಿನ್ನ ಕಲೆಗೆ ಇದಕ್ಕಿಂತ ಗೌರವ ಬೇಕಾ?

ಭುಜ ನೋಡಿಕೋ.

ನಿನ್ನ
ಸಿಲ್ವೇರ್


ಅಯಾಂಜ್
2 ನವೆಂಬರ್ 2011

ಸಿಲ್ವೇರ್,

ಕಲೆಯಂತೆ. ಉಸಿರಂತೆ.

ಆ ತಡ ಎಲ್ಲಿಂದ ಬಂತು ಎಂದು ನಿನಗೆ ಗೊತ್ತಿಲ್ಲದಿದ್ದರೆ ಕೇಳು, ಗೊತ್ತಿದ್ದೂ ಬರೆದಿದ್ದರೆ ಎರಡು ಸಲ ಕೇಳು. ಆ ಹಾಡು ರೆಕಾರ್ಡ್ ಮಾಡಿದ ವಾರ ನಾನು ಬೆಳಗಿನ ಪಾಳಿಯಲ್ಲಿದ್ದೆ. ಮೂರು ಆಸ್ಪತ್ರೆಗಳ ಹಾಸಿಗೆ ಬಟ್ಟೆ ನಮ್ಮ ಲಾಂಡ್ರಿಗೆ ಬರುತ್ತದೆ. ಯಂತ್ರದಿಂದ ಒದ್ದೆ ಬಟ್ಟೆಯ ಮುದ್ದೆ ಎಳೆದು ಭುಜದೆತ್ತರಕ್ಕೆ ಎತ್ತಿ ಹಾಕಬೇಕು, ಪಾಳಿಗೆ ಇನ್ನೂರು ಸಲ. ಎತ್ತುವ ಸಾಧನ ಕೆಟ್ಟು ಒಂದೂವರೆ ವರ್ಷವಾಗಿತ್ತು. ಅಲ್ಲಿಂದ ನೇರ ಸ್ಟುಡಿಯೋಗೆ ಬಂದೆ. ಕೈ ಮೇಲೇಳುತ್ತಿರಲಿಲ್ಲ, ಸಿಲ್ವೇರ್. ಎಲ್ಲ ನಿಂತಾಗ ತೋಳು ಕೆಳಗೆ ಜೋತುಬೀಳುತ್ತಿತ್ತು, ಅದನ್ನು ಮತ್ತೆ ಎತ್ತಿ ಸ್ನೇರ್ ಡ್ರಮ್ ಮೇಲೆ ಹಾಕುವಷ್ಟರಲ್ಲಿ ಹೊತ್ತು ಮೀರುತ್ತಿತ್ತು. ಹನ್ನೆರಡು ಸಲ ಬಾರಿಸಿದೆ, ಹನ್ನೆರಡು ಸಲವೂ ತಡ. ತಪ್ಪು, ಮತ್ತೆ ಹೊಡಿತೀನಿ ಎಂದೆ. ನೀನು ಗಾಜಿನ ಆಚೆಯಿಂದ "ಬೇಡ ಬೇಡ, ಅದ್ಭುತವಾಗಿದೆ, ಮುಟ್ಬೇಡ" ಎಂದೆ. ನನ್ನ ಸ್ನಾಯು ಹರಿಯುತ್ತಿದ್ದ ಸದ್ದು ಅದು. ಅದನ್ನು ನೀನು ಮಾರಿದೆ. ಈಗ ಇನ್ನೊಬ್ಬನಿಗೆ ಕಲಿಸಿದ್ದೀಯ.

ಮುಸುಕಿಗೆ ನಾನು ಒಪ್ಪಿದ್ದು ನಮ್ಮಲ್ಲಿ ದೊಡ್ಡವರು ಚಿಕ್ಕವರು ಇರಬಾರದು ಎಂದು. ಒಬ್ಬರ ಜಾಗಕ್ಕೆ ಇನ್ನೊಬ್ಬರನ್ನು ತುರುಕಿದರೂ ಗೊತ್ತಾಗಬಾರದು ಎಂದಲ್ಲ. ಆ ಉಪಾಯ ಕಾರ್ಖಾನೆಯ ಧಣಿಗಳಿಗೆ ಮೊದಲೇ ಗೊತ್ತಿತ್ತು. ಎಲ್ಲರಿಗೂ ಒಂದೇ ಹೆಲ್ಮೆಟ್, ಒಂದೇ ಅಂಗಿ.

ನಿನ್ನ ಕಾಗದವನ್ನು ಅಪ್ಪನಿಗೆ ಓದಿ ಹೇಳಿದೆ. ಬ್ರೆಡ್ಡಿಗೆ ಮಿರಾಬೆಲ್ ಹಣ್ಣಿನ ಜಾಮ್ ಸವರುತ್ತಿದ್ದವನು ಚಾಕು ಕೆಳಗಿಟ್ಟ.

"ಆ ಪೋಲಿಷ್‌ನೋರ ಹುಡ್ಗ ಮ್ಯಾನೇಜರ್ ಆಗ್ಬಿಟ್ನಾ?"

"ಇಲ್ಲಪ್ಪ, ಕಲಾವಿದ."

"ಒಂದೇ ಬಿಡು. ಬರವಣಿಗೆ ಒಂದೇ ಥರ ಇದೆ."

ನನಗೆ ಬೇಕಿರುವುದು ಮೂರು ಸಾಲು. ತಂಡದ ಇಂಟರ್ನೆಟ್ ಪುಟದಲ್ಲಿ ಬರೆ: ನಮ್ಮ ಡ್ರಮ್ಮರ್ ಮೋದ್ ಬೆರ್ತಾಕಿ, ಅವಳಿಗೆ ಆಪರೇಷನ್ ಆಗಿದೆ, ಈ ಪ್ರವಾಸದಲ್ಲಿ ಯೋಸ್ಟ್ ಕಿರ್ಶ್ ಬಾರಿಸುತ್ತಾನೆ. ಹನ್ನೊಂದು ವರ್ಷಕ್ಕೆ ಮೂರು ಸಾಲು. ಹೆಚ್ಚಾಯಿತಾ?

ಮೋದ್


ಮೊಂತ್ರೋಯ್
14 ಜನವರಿ 2012

ಮೋದ್,

ತಡವಾಯಿತು, ಕ್ಷಮಿಸು. ಪ್ರವಾಸ ಮುಗಿಸಿ ಬಂದು ಎರಡು ವಾರ ಮಲಗಿದ್ದೆ. ಎಲ್ಲ ಊರಲ್ಲೂ ಕಿಕ್ಕಿರಿದ ಜನ. ಗೆಂಟ್‌ನಲ್ಲಿ ಆ ತಡದ ಹೊತ್ತಿಗೆ ಇಡೀ ಸಭಾಂಗಣ ಉಸಿರು ಹಿಡಿದಿತ್ತು, ಒಬ್ಬಳು ಅತ್ತಳು. ನೀನಿದ್ದರೆ ಎಂದುಕೊಂಡೆ, ದೇವರಾಣೆ.

ಮೂರು ಸಾಲಿನ ವಿಷಯ. ಪ್ರವಾಸದ ನಡುವೆ ಹೇಗೆ ಹಾಕಲಿ? ಇವತ್ತು ನಿನ್ನ ಹೆಸರು ಹೇಳಿದರೆ ನಾಳೆ ನನ್ನದು ಕೇಳುತ್ತಾರೆ, ನಾಡಿದ್ದು ನಿನ್ನ ಫೋಟೋ, ಆಮೇಲೆ 'ಲಾಂಡ್ರಿಯ ಹುಡುಗಿ ಬಾರಿಸುವ ಬ್ಲ್ಯಾಕ್ ಮೆಟಲ್' ಎಂದು ಭಾನುವಾರದ ಪುರವಣಿಯಲ್ಲಿ ಲೇಖನ. ಅದು ಬೇಕಾ ನಿನಗೆ? ಮುಸುಕು ನಿನ್ನನ್ನೂ ಕಾಪಾಡಿದೆ.

ಜಗಳ ಬಿಡು. ಮಾರ್ಚ್ 24ಕ್ಕೆ ತ್ಯೋಂವಿಲ್‌ನಲ್ಲಿ ಕಾರ್ಯಕ್ರಮ, ನಮ್ಮದೇ ಕಣಿವೆಯ ಬಾಯಲ್ಲಿ. ಅಷ್ಟು ಹೊತ್ತಿಗೆ ಆರು ತಿಂಗಳಾಗಿರುತ್ತದೆ. ನಿನ್ನ ಜಾಗಕ್ಕೆ ನೀನು ಬಾ. ಯೋಸ್ಟ್‌ಗೆ ಬರಬೇಡ ಎಂದು ಹೇಳಿದ್ದೇನೆ.

ನಿಮ್ಮಪ್ಪನಿಗೆ ಮೊದಲ ಸಾಲಿನ ಟಿಕೆಟ್.

ಸಿಲ್ವೇರ್


ಅಯಾಂಜ್
29 ಮಾರ್ಚ್ 2012

ಸಿಲ್ವೇರ್,

ಬಂದೆ. ಬಾರಿಸಿದೆ. ಹೇಗೆ ಬಾರಿಸಿದೆ ಎಂದು ನಿನಗೆ ಗೊತ್ತು. ನಾಲ್ಕು ವರ್ಷಗಳಲ್ಲಿ ಮೊದಲ ಸಲ ಕೈ ನನ್ನ ಮಾತು ಕೇಳಿತು. 'ಎರಡನೇ ಪಾಳಿ'ಯಲ್ಲಿ ಎಲ್ಲ ನಿಂತಿತು, ಎಡಗೈ ಎಲ್ಲಿ ಬೀಳಬೇಕೋ ಅಲ್ಲಿ, ಯಾವಾಗ ಬೀಳಬೇಕೋ ಆಗ ಬಿತ್ತು. ಮುಸುಕಿನ ಒಳಗೆ ನಾನು ನಕ್ಕೆ. ನೀನು ತಿರುಗಿ ನೋಡಿದೆ, ಬೆಚ್ಚಿದವನ ಹಾಗೆ. ಸಂತೋಷಕ್ಕೆ ಎಂದುಕೊಂಡೆ. ಎಂಥ ದಡ್ಡಿ.

ಮುಗಿದ ಮೇಲೆ ಮುಸುಕನ್ನು ತಂಡದ ಸಾಮಾನಿನ ಚೀಲಕ್ಕೆ ತುರುಕಿ ಬಿಯರ್ ತರಲು ಹೋದೆ. ಅಲ್ಲಿ ಇಬ್ಬರು ಗಡ್ಡದವರು, ಎದೆಯ ಮೇಲೆ ನಮ್ಮದೇ ಗುಡ್ಡದ ಚಿತ್ರ.

"ಗಮನಿಸಿದ್ಯಾ? ತಡಾನೇ ಇರ್ಲಿಲ್ಲ."

"ಅದೇ ಕಣೋ. ಇವನು ಅವನಲ್ಲ. ಯಾವನ್ನೋ ಹಿಡ್ಕೊಂಬಂದು ಕೂರ್ಸಿದಾರೆ."

"ನಾನು ಗೆಂಟ್‌ನಲ್ಲಿ ನೋಡ್ದೆ. ಅಲ್ಲಿದ್ದೋನು ಅಸಲಿ. ಇದು ಬರೀ ಲೆಕ್ಕಕ್ಕೆ ಹೊಡೆದ ಹಾಗಿತ್ತು, ಪ್ರಾಣಾನೇ ಇಲ್ಲ."

ಬೆವರಲ್ಲಿ ನೆಂದು ನಿಂತಿದ್ದ ನನ್ನ ಕಡೆ ಅವರಲ್ಲೊಬ್ಬ ತಿರುಗಿದ. "ಏನಕ್ಕಾ, ನಿಂಗೇನನ್ನಿಸ್ತು?"

"ನಂಗೆ ಸರಿಯಾಗಿ ಕಾಣ್ಲಿಲ್ಲ. ನಾನು ಹಿಂದೆ ಕೂತಿದ್ದೆ."

"ಅಯ್ಯೋ, ಹಿಂದೆ ಕೂತ್ರೆ ಏನ್ ಗೊತ್ತಾಗತ್ತೆ. ತಗೋ," ಎಂದು ತನ್ನ ತಟ್ಟೆಯ ಚಿಪ್ಸ್ ಕೊಟ್ಟ. ತಿಂದೆ. ಉಪ್ಪು ಕಡಿಮೆ ಇತ್ತು.

ಅಪ್ಪ ಕಾರ್ಖಾನೆಯ ಹಳೆಯ ಕಿವಿಮುಚ್ಚು ಹಾಕಿಕೊಂಡು ಪೂರ್ತಿ ಕೂತಿದ್ದ. "ರೋಲಿಂಗ್ ಮಿಲ್ಲು ಇದಕ್ಕಿಂತ ಮೆತ್ತಗಿತ್ತು ಮಗ್ಳೇ. ಆದ್ರೆ ನೀನು ಹೊತ್ತಿಗೆ ಸರಿಯಾಗಿ ಹೊಡಿತೀಯ" ಎಂದ. ಆ ಸಭಾಂಗಣದಲ್ಲಿ ಕಿವಿ ಇದ್ದವನು ಅವನೊಬ್ಬನೇ.

ಇದನ್ನೆಲ್ಲ ನಾನು ಸಹಿಸುತ್ತಿದ್ದೆ. ಜನಕ್ಕೆ ಗೊತ್ತಿಲ್ಲ, ಪಾಪ. ಆದರೆ ನಿನಗೆ ಗೊತ್ತಿತ್ತು. 'ನಕಲಿ ಡ್ರಮ್ಮರ್' ಎಂದು ನಾಲ್ಕು ಜನ ಗದ್ದಲ ಎಬ್ಬಿಸಿದ ಕೂಡಲೇ, ಐದು ತಿಂಗಳಿಂದ ಮೂರು ಸಾಲು ಬರೆಯಲಾಗದ ನಿನ್ನ ಕೈಗೆ ಮೊನ್ನೆ ಬಲ ಬಂತು. ತಂಡದ ಪುಟದಲ್ಲಿ ನಿನ್ನ ಹೇಳಿಕೆ, ಅಕ್ಷರ ಬಿಡದೆ: 'ಮಾರ್ಚ್ 24ರ ತ್ಯೋಂವಿಲ್ ಕಾರ್ಯಕ್ರಮದಲ್ಲಿ ಅನಿವಾರ್ಯ ಕಾರಣದಿಂದ ಬದಲಿ ಡ್ರಮ್ಮರ್ ಬಾರಿಸಿದರು. ಕೇಳುಗರು ಮನ್ನಿಸಬೇಕು.'

ಬದಲಿ. ನಾನು.

ನನ್ನ ಹೆಸರು ಅಳಿಸುವುದಿರಲಿ, ಇರದ ಹೆಸರನ್ನೂ ಅಳಿಸಿದೆ. ನನ್ನ ಪರವಾಗಿ ಕ್ಷಮೆ ಬೇರೆ ಕೇಳಿದ್ದೀಯ, ನಾನು ಗುಣವಾದದ್ದಕ್ಕೆ.

ಮೋದ್ ಬೆರ್ತಾಕಿ


ಮೊಂತ್ರೋಯ್
4 ಏಪ್ರಿಲ್ 2012

ಮೋದ್,

ಗದ್ದಲ ಆರಿಸಲು ಅವಸರದಲ್ಲಿ ಬರೆದದ್ದು. ಕೆಟ್ಟ ಪದ, ಒಪ್ಪುತ್ತೇನೆ. ಆದರೆ ಈಗ ಹಿಂತೆಗೆದುಕೊಂಡರೆ ಇಡೀ ಚಳಿಗಾಲ ಸುಳ್ಳು ಎಂದಾಗುತ್ತದೆ.

ಮೇ ತಿಂಗಳ ಪ್ರವಾಸಕ್ಕೆ ನೀನೇ ಬಾ. ಒಂದೇ ಕೋರಿಕೆ. ಆ ತಡವನ್ನು ಮತ್ತೆ ತಾ. ಕೂದಲೆಳೆಯಷ್ಟು. ನಿನಗೆ ಬರುವುದಿಲ್ಲ ಎನ್ನಬೇಡ, ಅದು ನಿನ್ನದೇ. ಜನ ಅದಕ್ಕಾಗಿ ಬರುತ್ತಾರೆ. ಆಗದಿದ್ದರೆ ಹೇಳಿಬಿಡು, ಯೋಸ್ಟ್‌ಗೆ ತಿಳಿಸಬೇಕು.

ಸಿ.


ಅಯಾಂಜ್
8 ಏಪ್ರಿಲ್ 2012

ಶ್ರೀ ಯೋಸ್ಟ್ ಕಿರ್ಶ್ ಅವರಿಗೆ,

ನಿಮ್ಮ ವಿಳಾಸವನ್ನು ನೀವು ಡ್ರಮ್ ಕಲಿಸುವ ಸಂಗೀತ ಶಾಲೆಯಿಂದ ಪಡೆದೆ. ನೀವು ನನ್ನನ್ನು ನೋಡಿಲ್ಲ. ಚಳಿಗಾಲದಲ್ಲಿ ನೀವು ಧರಿಸಿದ್ದು ನನ್ನ ಮುಸುಕು. ಎಡಗಡೆ ಕಣ್ಣಿನ ತೂತು ತುಸು ದೊಡ್ಡದು, ಅದು ನನ್ನ ಕತ್ತರಿಯ ತಪ್ಪು.

ನಿಮ್ಮ ಮೇಲೆ ನನಗೆ ಸಿಟ್ಟಿತ್ತು, ಸುಳ್ಳು ಹೇಳುವುದಿಲ್ಲ. ನವೆಂಬರ್‌ನಲ್ಲಿ ನೀವು ಸಿಕ್ಕಿದ್ದರೆ ಇದ್ದ ಒಂದೇ ಕೈಯಿಂದ ಹೊಡೆಯುತ್ತಿದ್ದೆ. ಮನಸ್ಸು ಬದಲಿಸಿದವನು ಅಪ್ಪ. 84ರ ಮುಷ್ಕರದಲ್ಲಿ ಕಾರ್ಖಾನೆಯವರು ನಮ್ಮವರ ಜಾಗಕ್ಕೆ ಹೊರಗಿನಿಂದ ಗುತ್ತಿಗೆಯ ಆಳುಗಳನ್ನು ತಂದರು. ಮೊನ್ನೆ ಅಪ್ಪ ಹೇಳಿದ: "ನಾವು ಅವ್ರನ್ನ ಗೇಟಲ್ಲಿ ಹಿಡ್ದು ಬಡಿದ್ವಿ. ಒಬ್ಬನ ಹಲ್ಲು ಮುರೀತು, ಮುರಿದೋನು ನಾನೇ. ಅವ್ನ ಹೆಸ್ರೇನು ಅಂತ ಯಾರೂ ಕೇಳ್ಲಿಲ್ಲ. ಕೇಳಿ ನಮ್ಮ ಕಡೆಗೆ ಕರ್ಕೊಂಡಿದ್ರೆ ಬಹುಶಃ ಗೆಲ್ತಿದ್ವಿ." ಇಪ್ಪತ್ತೆಂಟು ವರ್ಷ ಈ ಮಾತು ಅವನ ಬಾಯಿಂದ ಬಂದಿರಲಿಲ್ಲ.

ಅದಕ್ಕೇ ಕೇಳುತ್ತಿದ್ದೇನೆ. ನಿಮ್ಮ ಹೆಸರು ಹೇಳುವ ಹಕ್ಕು ನಿಮಗಿದೆಯೇ? ನೀವು ಕಲಿತ ಆ ತಡ ಏನೆಂದು ನಿಮಗೆ ಯಾರಾದರೂ ಹೇಳಿದ್ದಾರೆಯೇ? ನಾನು ಸಿಲ್ವೇರ್‌ಗೆ ಬರೆದ ನವೆಂಬರಿನ ಕಾಗದದ ಕರಡನ್ನು ಇದರ ಜತೆ ಇಟ್ಟಿದ್ದೇನೆ. ಓದಿ.

ಮೋದ್ ಬೆರ್ತಾಕಿ


ಸಾರ್‌ಬ್ರೂಕನ್
16 ಏಪ್ರಿಲ್ 2012

ಮಾನ್ಯ ಮೋದ್ ಬೆರ್ತಾಕಿ ಅವರೇ,

ನಿಮ್ಮ ಕಾಗದವನ್ನು ಮೂರು ಸಲ ಓದಿದೆ. ನನ್ನ ಫ್ರೆಂಚ್ ಒರಟು, ತಪ್ಪಿದ್ದರೆ ತಿದ್ದಿಕೊಳ್ಳಿ.

ಇಲ್ಲ, ನನಗೆ ಆ ಹಕ್ಕಿಲ್ಲ. ಯಾರಿಗೂ ಹೇಳುವುದಿಲ್ಲ ಎಂದು ಸಹಿ ಹಾಕಿದ್ದೇನೆ. ನನ್ನ ವಿದ್ಯಾರ್ಥಿಗಳು ಕ್ರಾಸಿಯೇ ಅಂಗಿ ತೊಟ್ಟು ಬರುತ್ತಾರೆ, ಆ ಡ್ರಮ್ಮರ್ ಹಾಗೆ ಹೊಡೆಯಲು ಕಲಿಸಿ ಎನ್ನುತ್ತಾರೆ. ಕಷ್ಟ, ಪ್ರಯತ್ನಿಸೋಣ ಎನ್ನುತ್ತೇನೆ. ಕಾರ್ಯಕ್ರಮಕ್ಕೆ ಬಂದಿದ್ದ ನನ್ನ ಅಮ್ಮ, ಬಾರಿಸುವವನು ತನ್ನ ಮಗ ಎಂದು ಪಕ್ಕದವಳಿಗೆ ಹೇಳಲೂ ಆಗದೆ ಕೈ ಹಿಸುಕಿಕೊಂಡು ಕೂತಿದ್ದಳು.

ತಡದ ಬಗ್ಗೆ. ಸಿಲ್ವೇರ್ ಅವರು ಅದನ್ನು ನಿಮ್ಮ ಶೈಲಿ ಎಂದಿದ್ದರು. ನನಗೆ ಎಷ್ಟು ಮಾಡಿದರೂ ಬರುತ್ತಿರಲಿಲ್ಲ. ಲೆಕ್ಕ ಹಾಕಿ ತಡ ಮಾಡಿದರೆ ಸುಳ್ಳಾಗಿ ಕೇಳುತ್ತಿತ್ತು. ಕೊನೆಗೆ ಎಡ ರಟ್ಟೆಯನ್ನು ಪಕ್ಕೆಗೆ ಬೆಲ್ಟಿನಿಂದ ಬಿಗಿದು ಅಭ್ಯಾಸ ಮಾಡಿದೆ. ಆಗ ಬಂತು. ಈಗ ಬೆಲ್ಟ್ ಇಲ್ಲದೆಯೂ ಬರುತ್ತದೆ, ಏಕೆಂದರೆ ಫೆಬ್ರವರಿಯಿಂದ ನನ್ನ ಭುಜ ನೋಯುತ್ತಿದೆ. ಅಂಗಿ ತೊಡುವಾಗ ಎಡಗೈಯನ್ನು ಬಲಗೈಯಿಂದ ಎತ್ತಿ ತೂರಿಸುತ್ತೇನೆ. ನಿಮ್ಮ ಕಾಗದ ಓದುವ ತನಕ ಇದು ನನ್ನ ಸೋಮಾರಿತನ ಎಂದುಕೊಂಡಿದ್ದೆ.

ನಿನ್ನೆ ಸಿಲ್ವೇರ್ ಅವರಿಗೆ ಫೋನ್ ಮಾಡಿದೆ. ನಿಮ್ಮ ಹೆಸರೂ ನನ್ನ ಹೆಸರೂ ಬರುವ ತನಕ ಆ ಮುಸುಕಿನೊಳಗೆ ಕೂರುವುದಿಲ್ಲ ಎಂದೆ. ಅವರು, "ನೀನು ಒಪ್ಪಂದಕ್ಕೆ ಸಹಿ ಹಾಕಿದೀಯ" ಎಂದರು. "ಹೌದು, ಎಡಗೈಯವನಾದ್ರಿಂದ ಎಡಗೈಲೇ ಹಾಕ್ದೆ, ಈಗ ಅದು ಏಳ್ತಾ ಇಲ್ಲ" ಎಂದೆ.

ನೀವು ತೋರಿಸಿದ ವೈದ್ಯರ ಹೆಸರು ತಿಳಿಸಿ.

ವಂದನೆಗಳೊಂದಿಗೆ,
ಯೋಸ್ಟ್ ಕಿರ್ಶ್


ನಾಂತ್
12 ಮೇ 2012

ಮೋದ್,

ಇಬ್ಬರೂ ಸೇರಿ ನನ್ನನ್ನು ಗೋಡೆಗೆ ಒತ್ತಿದಿರಿ. ನೀನು ಬರೆಯಲಿಲ್ಲ, ಅವನು ಬರುವುದಿಲ್ಲ ಎಂದ, ಪ್ರವಾಸಕ್ಕೆ ಮೂರು ವಾರ. ಏನು ಮಾಡಬೇಕಿತ್ತು ನಾನು? ಡ್ರಮ್ ಯಂತ್ರ ತಂದೆ. ನಿನ್ನ ರೆಕಾರ್ಡಿನಿಂದ ಒಂದೊಂದೇ ಪೆಟ್ಟನ್ನು ಅಳೆದು ತುಂಬಿದೆ. ಆ ತಡವನ್ನೂ, ಸೆಕೆಂಡಿನ ಸಾವಿರದಲ್ಲೊಂದು ಭಾಗವೂ ತಪ್ಪದ ಹಾಗೆ. ಡ್ರಮ್‌ಗಳ ಹಿಂದೆ ಒಂದು ಮೈಕ್ ಸ್ಟ್ಯಾಂಡ್ ನಿಲ್ಲಿಸಿ ಅದಕ್ಕೆ ನಿನ್ನ ಮುಸುಕು ತೊಡಿಸಿದೆ. ಹೊಗೆ ಬಿಟ್ಟೆವು. ಹಿಂದಿನಿಂದ ಬೆಳಕು.

ಯಾರಿಗೂ ಗೊತ್ತಾಗಲಿಲ್ಲ ಎಂದು ಬರೆಯಬೇಕಾಗಿ ಬಂದದ್ದು ನನ್ನ ಹಣೆಬರಹ. ಮೊದಲ ಊರಿನಲ್ಲಿ ಒಬ್ಬ ನನ್ನ ತೋಳು ಹಿಡಿದು, "ಅಬ್ಬಾ, ಅಸಲಿ ಡ್ರಮ್ಮರ್ ವಾಪಸ್ ಬಂದ್ನಲ್ಲ" ಎಂದ. ನಗಬೇಕಿತ್ತು. ತೋಳು ಬಿಡಿಸಿಕೊಂಡು ಹೊರಗೆ ನಡೆದೆ.

ನಿನ್ನೆ ಇಲ್ಲಿ, 'ಎರಡನೇ ಪಾಳಿ'ಯಲ್ಲಿ ಎಲ್ಲ ನಿಂತಿತು. ಆ ಹೊತ್ತಿಗೆ ಯಾವಾಗಲೂ ನಾನು ತಿರುಗಿ ನಿನ್ನ ಕಡೆ ನೋಡುತ್ತೇನೆ. ಮೊದಲೆರಡು ಊರಲ್ಲಿ ತಿರುಗದೆ ನಿಭಾಯಿಸಿದ್ದೆ, ನಿನ್ನೆ ಕುತ್ತಿಗೆ ತಾನಾಗಿ ತಿರುಗಿತು. ನೀನು ತೋಳು ಎತ್ತುವಾಗ ಹಲ್ಲು ಕಚ್ಚುತ್ತಿದ್ದೆ, ಮೋದ್. ಮುಸುಕಿನ ಬಟ್ಟೆ ದವಡೆಯ ಹತ್ತಿರ ಅಲುಗುತ್ತಿತ್ತು. ನಾಲ್ಕು ವರ್ಷ ಪ್ರತಿ ಸಲ ನೋಡಿದ್ದೇನೆ. ನಿನ್ನೆ ಬಟ್ಟೆ ಅಲುಗಲಿಲ್ಲ. ಪೆಟ್ಟು ಮಾತ್ರ ಬಿತ್ತು, ಅಷ್ಟೇ ತಡವಾಗಿ. ನನ್ನ ಕೈ ಗಿಟಾರಿನ ಮೇಲೆ ಹಾಗೇ ನಿಂತಿತು. ಯಂತ್ರವೊಂದೇ ಹಾಡನ್ನು ಕೊನೆತನಕ ಬಾರಿಸಿತು, ನಾನು ಕೇಳುತ್ತ ನಿಂತೆ. ಜನ ಅದಕ್ಕೂ ಚಪ್ಪಾಳೆ ತಟ್ಟಿದರು.

ಆ ತಡ ಎಲ್ಲಿಂದ ಬಂತೆಂದು ನನಗೆ ಗೊತ್ತಿತ್ತಾ ಎಂದು ನೀನು ನವೆಂಬರ್‌ನಲ್ಲಿ ಕೇಳಿದ್ದೆ. ಗೊತ್ತಿತ್ತು.

ಇವತ್ತು ಬೆಳಿಗ್ಗೆ ಪುಟದಲ್ಲಿ ಮೂರು ಸಾಲು ಹಾಕಿದ್ದೇನೆ: 'ಕ್ರಾಸಿಯೇ ತಂಡದ ಡ್ರಮ್ಮರ್ ಮೋದ್ ಬೆರ್ತಾಕಿ. ವೈಯಕ್ತಿಕ ಅನಾರೋಗ್ಯದ ಕಾರಣ ಅವರು ಕೆಲವು ಕಾಲ ದೂರವಿದ್ದರು. ತ್ಯೋಂವಿಲ್‌ನಲ್ಲಿ ಬಾರಿಸಿದವರು ಅವರೇ.'

ಇನ್ನು ಆರು ಊರು ಬಾಕಿ. ಬರ್ತೀಯಾ?

ಸಿಲ್ವೇರ್


ಅಯಾಂಜ್
17 ಮೇ 2012

ಸಿಲ್ವೇರ್,

ಮೂರು ಸಾಲು ಓದಿದೆ. ಊಟದ ಬಿಡುವಿನಲ್ಲಿ, ಬಟ್ಟೆ ಮಡಿಸುವ ಮೇಜಿನ ಹತ್ತಿರ. ಪಕ್ಕದಲ್ಲಿದ್ದ ಫತೂಮ, "ಇದು ನೀನಾ? ಆ ಗಲಾಟೆ ಮಾಡೋಳು ನೀನಾ?" ಎಂದಳು. ಹೌದೆಂದೆ. "ಅದಕ್ಕೇ ಇಲ್ಲಿ ಬಾಯಿ ಬಿಡ್ತಿರ್ಲಿಲ್ಲ" ಎಂದಳು. ಹನ್ನೊಂದು ವರ್ಷದಲ್ಲಿ ಈ ಪ್ರಶ್ನೆಗೆ ನಾನು ಹೌದು ಎಂದದ್ದು ಇದೇ ಮೊದಲು. ಅಷ್ಟರ ಮಟ್ಟಿಗೆ ನಿನಗೆ ಸಂದಬೇಕಾದದ್ದು ಸಂದಿದೆ.

ಆದರೆ ಫತೂಮ ಎರಡನೆಯ ಸಾಲನ್ನು ಓದಿ ನಕ್ಕಳು. ವೈಯಕ್ತಿಕ ಅನಾರೋಗ್ಯ. ಅವಳ ಬೆನ್ನುನೋವಿಗೂ ಲಾಂಡ್ರಿ ಕಂಪನಿಯ ಕಾಗದದಲ್ಲಿ ಇದೇ ಹೆಸರಿದೆ. ಎತ್ತುವ ಸಾಧನ ಇನ್ನೂ ರಿಪೇರಿಯಾಗಿಲ್ಲ. ಯೋಸ್ಟ್‌ನ ಹೆಸರಂತೂ ನಿನ್ನ ಸಾಲುಗಳಲ್ಲಿ ಹುಡುಕಿದರೂ ಇಲ್ಲ. ಮುಂದಿನ ತಿಂಗಳು ಅವನ ಭುಜಕ್ಕೆ ಸ್ಕ್ಯಾನಿಂಗ್ ಇದೆ, ಗೊತ್ತಾ?

ಇಷ್ಟು ಬರೆದವನಿಗೆ ಇನ್ನಷ್ಟು ಬರೆಯುವುದು ಕಷ್ಟವಲ್ಲ. ತಿದ್ದಿ ಕೊಟ್ಟಿದ್ದೇನೆ, ಹಾಗೇ ಹಾಕು:

'ಕ್ರಾಸಿಯೇ ತಂಡದ ಡ್ರಮ್ಮರ್ ಮೋದ್ ಬೆರ್ತಾಕಿ. ಆಸ್ಪತ್ರೆಯ ಬಟ್ಟೆ ಒಗೆಯುವ ಕೆಲಸದಲ್ಲಿ, ಕೆಟ್ಟ ಸಾಧನ ಸರಿಮಾಡದ ಕಾರಣ ಅವಳ ಭುಜ ಹರಿಯಿತು. ನೀವು ಮೆಚ್ಚಿದ ತಡ ಅದೇ. ಚಳಿಗಾಲದಲ್ಲಿ ಬಾರಿಸಿದವನು ಯೋಸ್ಟ್ ಕಿರ್ಶ್, ಅದನ್ನು ಕಲಿಯಲು ಹೋಗಿ ಅವನ ಭುಜವೂ ಕೆಟ್ಟಿದೆ. ಮೋದ್ ಗುಣವಾಗಿದ್ದಾಳೆ. ಇನ್ನು ಮುಂದೆ ಆ ತಡ ಇರುವುದಿಲ್ಲ.'

ಕೊನೆಯ ಸಾಲಿಗೆ ಅರ್ಧ ಜನ ಬಿಟ್ಟು ಹೋಗುತ್ತಾರೆ ಎಂದು ನೀನು ಹೇಳುವುದು ಇಲ್ಲಿಗೇ ಕೇಳಿಸುತ್ತಿದೆ. ಹೋಗಲಿ. ಇನ್ನೊಬ್ಬರ ಸ್ನಾಯು ಹರಿಯುವುದನ್ನು ಕೇಳಲು ಬರುವವರು ಬರದಿದ್ದರೇ ಒಳ್ಳೆಯದು.

ಅಪ್ಪನಿಗೆ ಓದಿ ಹೇಳಿದೆ. "ಒಂದು ಪದ ಬಿಟ್ರೂ ಒಪ್ಬೇಡ" ಎಂದ. ಒಪ್ಪುವುದಿಲ್ಲ. ಪುಟವನ್ನು ದಿನಾ ಬೆಳಿಗ್ಗೆ ಪಾಳಿಗೆ ಮುಂಚೆ ನೋಡುತ್ತೇನೆ. ಇದಿಷ್ಟೂ ಬಂದ ದಿನ ರಜೆ ಬರೆದುಕೊಟ್ಟು ರೈಲು ಹತ್ತುತ್ತೇನೆ. ನಾನು ಬರುವ ತನಕ ಮುಸುಕು ತೊಟ್ಟ ಆ ಸ್ಟ್ಯಾಂಡಿನ ಕಡೆಗೇ ತಿರುಗಿ ನೋಡುತ್ತಿರು.

ಮೋದ್ ಬೆರ್ತಾಕಿ
ಡ್ರಮ್ಮರ್